ಶನಿವಾರದ ಸೂಜಿ

ಹೆಸರು ಹೇಳುವುದಿಲ್ಲ. ಹೇಳಿದರೆ ಮದ್ದೂರಿನಲ್ಲಿ ಇವತ್ತಿಗೂ ನಾಲ್ಕು ಜನ ನಗುತ್ತಾರೆ, ಆ ನಗು ಶುರು ಮಾಡಿದವನು ನಾನೇ. ಸತ್ತವರ ಬಗ್ಗೆ ಒಳ್ಳೆಯದು ಆಡಬೇಕು ಅನ್ನುತ್ತಾರೆ. ಆಡುತ್ತೇನೆ, ಇದ್ದಷ್ಟು. ಉಳಿದದ್ದನ್ನೂ ಆಡುತ್ತೇನೆ. ಓದಿದವರು ನನ್ನನ್ನು ಉಗಿದರೆ ಉಗಿಯಲಿ, ಈ ವಯಸ್ಸಿನಲ್ಲಿ ಒರೆಸಿಕೊಳ್ಳುವುದೇನೂ ಕಷ್ಟವಲ್ಲ.

ಊರಿಗೆಲ್ಲ ಅವರು ದನದ ಡಾಕ್ಟ್ರು. ಕಾಗದದ ಮೇಲೆ ಡಾಕ್ಟರಲ್ಲ, ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗಿನ ಸ್ಟಾಕ್‌ಮನ್. ಆದರೆ ಸುತ್ತಿನ ಯಾವ ಹಳ್ಳಿಯ ಕೊಟ್ಟಿಗೆಯಲ್ಲೂ ಆ ವ್ಯತ್ಯಾಸ ಯಾರಿಗೂ ಬೇಕಿರಲಿಲ್ಲ. ಹುಟ್ಟಿದ್ದು ಮಳವಳ್ಳಿ ಕಡೆ. ಆರಡಿ ಎತ್ತರ, ಮುಂಗೈ ತುಂಬ ಕಪ್ಪು ಕೂದಲು, ಮೀಸೆಗೆ ದಿನಾ ಹರಳೆಣ್ಣೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾತಾಡಿದರೆ ರೈಲ್ವೆ ಗೇಟಿಗೆ ಕೇಳುತ್ತಿತ್ತು. ನಾನು ಅದೇ ಊರಿನ ಖಾಸಗಿ ಡಾಕ್ಟರೊಬ್ಬರ ಷಾಪಿನಲ್ಲಿ ಕಾಂಪೌಂಡರ್ ಆಗಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಅವರಿಗೆ ಆಗ ಐವತ್ತನಾಲ್ಕು, ನನಗೆ ಮೂವತ್ತೆರಡು.

ಅವರಿಗೆ ಎರಡು ಕೆಲಸ. ಬೆಳಿಗ್ಗೆ ಸೈಕಲ್ಲಿನ ಹಿಂದೆ ಐಸು ತುಂಬಿದ ಫ್ಲಾಸ್ಕು ಕಟ್ಟಿಕೊಂಡು ಹೊರಡುವರು. ಅದರೊಳಗೆ ಸೀಮೆ ಹೋರಿಯ ಬೀಜ. ಬೆದೆಗೆ ಬಂದ ಹಸುಗಳಿಗೆ ಅದನ್ನು ಕೊಟ್ಟು, ಹಾಗೇ ಹಿಂದಿರುಗುವಾಗ ಕೈಚೀಲದಿಂದ ಕಬ್ಬಿಣದ ದೊಡ್ಡ ಇಕ್ಕಳ ತೆಗೆದು ಊರಿನ ನಾಟಿ ಹೋರಿಗಳ ಬೀಜ ಒಡೆದು ಎತ್ತು ಮಾಡುವರು. ಹೋರಿಯನ್ನು ಕೆಡವಿ, ಕಾಲು ಕಟ್ಟಿ, ಇಕ್ಕಳ ಒತ್ತಿದ ಮೇಲೆ ಅದರ ಬೆನ್ನು ತಟ್ಟಿ, ಇನ್ನು ನೆಮ್ಮದಿಯಾಗಿ ದುಡ್ಕೊಂಡು ತಿನ್ನಪ್ಪ ಅನ್ನುವರು. ಸುತ್ತ ನಿಂತ ಜನ ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಒಳ್ಳೆಯದು ಆಡುತ್ತೇನೆ ಅಂದೆನಲ್ಲ, ಅದು ಇದೇ. ವೈದ್ಯನಾಥಪುರದಲ್ಲಿ ಒಬ್ಬ ಮುದುಕಿಗೆ ಇದ್ದದ್ದೇ ಒಂದು ಹಸು. ಕರು ಅಡ್ಡ ತಿರುಗಿ ಸಿಕ್ಕಿಹಾಕಿಕೊಂಡಿತ್ತು. ಇವರು ಅಂಗಿ ಬಿಚ್ಚಿ, ತೋಳಿಗೆ ಎಣ್ಣೆ ಸವರಿ, ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಆ ಹಸುವಿನ ಹಿಂದೆ ಮಂಡಿಯೂರಿ ಕೂತು ಕರುವನ್ನು ತಿರುಗಿಸಿ ಎಳೆದರಂತೆ. ಎರಡೂ ಉಳಿದವು. ಮುದುಕಿ ಕೊಟ್ಟ ಮಜ್ಜಿಗೆ ಕುಡಿದು, ಆ ಹಸುವನ್ನು ಅವ್ವ ಅಂತ ಕರೆದು ಕಾಲು ಮುಟ್ಟಿ ಬಂದರಂತೆ. ದನದ ಜೊತೆ ಅವರು ಯಾವತ್ತೂ ಒರಟಾಗಿ ನಡೆದುಕೊಂಡವರಲ್ಲ, ಒರಟುತನವೆಲ್ಲ ಮನುಷ್ಯರಿಗೆ.

ಗಂಡಸರನ್ನೆಲ್ಲ ಅವರು ಎರಡು ಪಾಲು ಮಾಡಿಟ್ಟಿದ್ದರು, ಹೋರಿ ಮತ್ತು ಎತ್ತು. ಏಳು ಮಕ್ಕಳ ತಂದೆಯಾದ ಹೋಟೆಲಿನ ಯಜಮಾನರು ಹೋರಿ. ಹೆಂಡತಿ ಹೇಳಿದ ಹಾಗೆ ಕೇಳುವ ಪೋಸ್ಟ್ ಮಾಸ್ಟರು ಎತ್ತು. ಹೈಸ್ಕೂಲಿನ ಹಿಂದಿ ಮೇಷ್ಟ್ರು ಎತ್ತು, ಅದೂ ಮುದಿ ಎತ್ತು. ಇದನ್ನೆಲ್ಲ ಮರೆಯಲ್ಲಿ ಆಡುತ್ತಿರಲಿಲ್ಲ, ಅವರವರ ಮುಖದ ಮುಂದೆಯೇ ಹೇಳುವರು. ಹೇಳಿಸಿಕೊಂಡವರೂ ಹಲ್ಲು ಕಿರಿದು ಸುಮ್ಮನಾಗುವರು, ಯಾಕೆಂದರೆ ನಾಳೆ ಹಸು ಮಲಗಿದರೆ ಅವರೇ ಬರಬೇಕು.

ಒಂದು ಭಾನುವಾರ ಬೆಳಿಗ್ಗೆ ಅದೇ ಹೋಟೆಲಿನಲ್ಲಿ ನನ್ನ ಸರದಿ ಬಂತು. ನಾನು ಇಡ್ಲಿ ತಿನ್ನುತ್ತಿದ್ದೆ. ಅವರು ಎದುರು ಬೆಂಚಿನಲ್ಲಿ ಕೂತು, ಲೋಟದ ಕಾಫಿ ಆರಿಸಿಕೊಳ್ಳುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದರು:

"ಕಾಂಪೌಂಡ್ರೇ, ಮದ್ವೆಯಾಗಿ ಎಂಟು ವರ್ಸ ಆಯ್ತಲ್ಲ. ನಿಮ್ಮನೆ ತಾವ್ಕೂ ನನ್ ಫ್ಲಾಸ್ಕ್ ತರ್ಲಾ?"

ಹೋಟೆಲಿಗೆ ಹೋಟೆಲೇ ನಕ್ಕಿತು. ದೋಸೆ ಹುಯ್ಯುತ್ತಿದ್ದವನು ಒಳಗಿಂದ ಇಣುಕಿ ಏನಂದ್ರು ಏನಂದ್ರು ಅಂತ ಕೇಳಿದ, ಯಾರೋ ಮತ್ತೊಂದು ಸಲ ಹೇಳಿದರು, ಅವನೂ ನಕ್ಕ. ನಾನೂ ನಕ್ಕೆ. ಇಡ್ಲಿ ಪೂರ್ತಿ ತಿಂದೇ ಎದ್ದೆ, ಅರ್ಧಕ್ಕೆ ಎದ್ದರೆ ಅದಕ್ಕೂ ನಗುತ್ತಿದ್ದರು.

ಆ ಮಾತು ಸುಳ್ಳಾಗಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಅದಕ್ಕೆ ಆರು ತಿಂಗಳ ಮುಂಚೆ ನಮ್ಮ ಡಾಕ್ಟರು ನನ್ನನ್ನು ಮಂಡ್ಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಿದ್ದರು. ನನ್ನಿಂದ ಮಕ್ಕಳಾಗುವುದಿಲ್ಲ ಅಂತ ಬಂದಿತ್ತು. ಅದು ಗೊತ್ತಿದ್ದದ್ದು ಡಾಕ್ಟರಿಗೆ ಮತ್ತು ನನಗೆ. ನನ್ನ ಹೆಂಡತಿಗೆ ನಾನು ಹೇಳಿರಲಿಲ್ಲ. ಅವಳು ತನ್ನದೇ ದೋಷ ಅಂದುಕೊಂಡು ಸೋಮವಾರ ಸೋಮವಾರ ಉಪವಾಸ ಇದ್ದು ವೈದ್ಯನಾಥಪುರದ ದೇವಸ್ಥಾನಕ್ಕೆ ನಡೆದುಕೊಂಡು ಹೋಗಿಬರುತ್ತಿದ್ದಳು. ನಾನು ಹೋಗಿ ಬಾ ಅನ್ನುತ್ತಿದ್ದೆ. ಇಂಥವನು ನಾನು. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಅದಾಗಿ ಒಂದು ವರ್ಷಕ್ಕೆ ಅವರು ನಮ್ಮ ಷಾಪಿಗೆ ಬಂದರು. ಮಧ್ಯಾಹ್ನ, ಜನ ಕರಗಿದ ಮೇಲೆ. ಡಾಕ್ಟರ ಕೋಣೆಗೂ ನಾನು ಮಿಕ್ಸ್ಚರ್ ಬೆರೆಸುವ ಜಾಗಕ್ಕೂ ನಡುವೆ ಇದ್ದದ್ದು ಒಂದು ಹಲಗೆ ಗೋಡೆ. ಅವರು ದನಿ ತಗ್ಗಿಸಿ ಮಾತಾಡಿದರು. ಆದರೆ ಅವರ ತಗ್ಗಿದ ದನಿ ಅಂದರೆ ಬೇರೆಯವರ ಸಾಮಾನ್ಯ ದನಿ, ನನಗೆ ಎಲ್ಲ ಕೇಳಿಸಿತು. ಮೈಯಲ್ಲಿ ಕಸುವಿಲ್ಲ, ಹೊಟ್ಟೆ ಬರುತ್ತಿದೆ, ಮುಂಗೈ ಕೂದಲು ಉದುರುತ್ತಿದೆ, ಮನೆಯಲ್ಲಿ ಹೆಂಡತಿಯ ಹತ್ತಿರ ಹೋಗಲು ಮನಸ್ಸಿಲ್ಲ ಅಂದರು. ಅದೆಲ್ಲ ಹೋಗ್ಲಿ, ದೊಡ್ಡ ಚಿಂತೆ ಬೇರೆ ಅಂದರು.

"ಓರಿಗೆ ಗೊತ್ತಾಗೋಯ್ತದೆ ಡಾಕ್ಟ್ರೇ, ಅಗ್ಗ ಇಡ್ದಿರೋನ ಮೈಯಲ್ಲಿ ಏನೈತೆ ಏನಿಲ್ಲ ಅಂತ. ಮೊನ್ನೆ ಒಂದು ನನ್ನ ನೋಡ್ಬುಟ್ಟು ಕೊಂಬು ಆಡಿಸ್ತು. ಮೊದ್ಲು ಅಂಗೆ ಮಾಡ್ತಿರ್ನಿಲ್ಲ."

ನಮ್ಮ ಡಾಕ್ಟರು ನಗಲಿಲ್ಲ, ಅವರು ದೊಡ್ಡ ಮನುಷ್ಯರು. ಗಂಡಸಿನ ಮೈಯಲ್ಲಿ ಒಂದು ಹಾರ್ಮೋನು ಇದೆ, ವಯಸ್ಸು ಏರಿದ ಹಾಗೆ ಅದು ಇಳಿಯುತ್ತದೆ, ಎಲ್ಲರಿಗೂ ಇಳಿಯುತ್ತದೆ ಅಂತ ನಿಧಾನವಾಗಿ ಬಿಡಿಸಿ ಹೇಳಿದರು. ಸಂಜೆಯ ಸಾರಾಯಿ ಬಿಡಿ, ಹೊಟ್ಟೆ ಇಳಿಸಿ, ಸರಿಯಾಗಿ ನಿದ್ದೆ ಮಾಡಿ, ಅರ್ಧ ತಾನಾಗೇ ಸರಿಹೋಗುತ್ತದೆ ಅಂದರು. ಇವರು ಕೇಳುವ ಜಾತಿಯೇ? ಹಸುವಿಗೆ ಸೂಜಿ ಇದೆ, ಎಮ್ಮೆಗೆ ಸೂಜಿ ಇದೆ, ನನಗ್ಯಾಕೆ ಇಲ್ಲ ಅಂತ ಹಟ ಹಿಡಿದರು. ಕೊನೆಗೆ ಡಾಕ್ಟರು ವಾರಕ್ಕೊಂದರಂತೆ ಆರು ಇಂಜೆಕ್ಷನ್ನು ಚೀಟಿಯಲ್ಲಿ ಬರೆದರು. ಆರಾದ ಮೇಲೆ ನಿಲ್ಲಿಸಿ ನನಗೆ ತೋರಿಸಬೇಕು ಅಂದರು.

ಅವರು ಹೋದ ಮೇಲೆ ಡಾಕ್ಟರು ನನ್ನನ್ನು ಕರೆದು ಇನ್ನೊಂದು ಮಾತು ಹೇಳಿದರು. ಪ್ರತಿ ಸಲ ಚುಚ್ಚುವ ಮೊದಲು ಮೂತ್ರದ ವಿಚಾರ ಕೇಳಬೇಕು. ತಡೆದು ತಡೆದು ಬರುತ್ತದೆ ಅಂದರೆ ಆವತ್ತೇ ನಿಲ್ಲಿಸಿ ನನಗೆ ತಿಳಿಸಬೇಕು. ಆ ವಯಸ್ಸಿಗೆ ಒಳಗೊಂದು ಗ್ರಂಥಿ ಊದುತ್ತದೆ, ಅದರಲ್ಲಿ ಕೆಟ್ಟದ್ದೇನಾದರೂ ಇದ್ದರೆ ಈ ಔಷಧಿ ಅದಕ್ಕೆ ಗೊಬ್ಬರ ಹಾಕಿದ ಹಾಗೆ. ಹೂಂ ಅಂದೆ.

ಶನಿವಾರ ಮಧ್ಯಾಹ್ನ ಡಾಕ್ಟರು ಮಂಡ್ಯಕ್ಕೆ ಹೋಗುತ್ತಿದ್ದರು. ಷಾಪಿನಲ್ಲಿ ನಾನೊಬ್ಬನೇ. ಇವರು ಆ ಹೊತ್ತನ್ನೇ ಆರಿಸಿಕೊಂಡರು. ಬಂದು, ಬಾಗಿಲು ತಾವೇ ಮುಂದಕ್ಕೆ ಎಳೆದು, ಬೆಲ್ಟು ಸಡಿಲಿಸಿ, ಬೆಂಚಿನ ಮೇಲೆ ಬೋರಲು ಮಲಗುವರು. ಊರನ್ನೆಲ್ಲ ಹೋರಿ ಎತ್ತು ಅಂತ ಪಾಲು ಮಾಡಿದ ಮನುಷ್ಯ ನನ್ನೆದುರಿಗೆ ಪ್ಯಾಂಟು ಜಾರಿಸಿ ಮಲಗಿರುವುದನ್ನು ನೋಡಿ ನನಗೆ ಎಂಥ ಸುಖವಾಗುತ್ತಿತ್ತು ಅಂದರೆ, ಅದನ್ನು ಬರೆಯಲು ಈಗಲೂ ನಾಚಿಕೆ.

ಆ ಇಂಜೆಕ್ಷನ್ನು ಎಣ್ಣೆಯಂಥದ್ದು, ಮಂದ. ದಪ್ಪ ಸೂಜಿಯೇ ಬೇಕು. ಆಗೆಲ್ಲ ಸೂಜಿಗಳನ್ನು ಬಿಸಾಡುತ್ತಿರಲಿಲ್ಲ, ಕುದಿಸಿ ಕುದಿಸಿ ಬಳಸುತ್ತಿದ್ದೆವು, ಮೊನೆ ಹೋದರೆ ಕಲ್ಲಿನ ಮೇಲೆ ಮಸೆಯುತ್ತಿದ್ದೆವು. ಇದ್ದವುಗಳಲ್ಲಿ ಅತಿ ಮೊಂಡಾದದ್ದನ್ನು ಅವರಿಗೇ ಅಂತ ಬೇರೆ ಡಬ್ಬಿಯಲ್ಲಿ ಎತ್ತಿಟ್ಟಿದ್ದೆ. ಮಸೆಯುತ್ತಿರಲಿಲ್ಲ. ನಿಧಾನವಾಗಿ ಒತ್ತುತ್ತಿದ್ದೆ. ಅವರು ಒಂದು ದಿನವೂ ಅಯ್ಯೋ ಅನ್ನಲಿಲ್ಲ. ಬೆಂಚಿನ ಅಂಚನ್ನು ಹಿಡಿದ ಕೈಬೆರಳು ಬಿಳಿಚಿಕೊಳ್ಳುತ್ತಿದ್ದವು. ಎದ್ದು ಬೆಲ್ಟು ಬಿಗಿದುಕೊಳ್ಳುತ್ತ, ನಿಮ್ ಕೈ ಒಸಿ ಭಾರ ಕಣ್ರೀ ಕಾಂಪೌಂಡ್ರೇ ಅನ್ನುವರು, ಅಷ್ಟೇ.

ಆರು ವಾರದಲ್ಲಿ ಅವರ ಮುಖದ ಬಣ್ಣವೇ ಬೇರೆಯಾಯಿತು. ಸೈಕಲ್ ತುಳಿಯುವ ರಭಸ ನೋಡಿದರೆ ಹತ್ತು ವರ್ಷ ವಯಸ್ಸು ಕಳೆದುಕೊಂಡವರ ಹಾಗಿತ್ತು. ಔಷಧಿಯಿಂದ ಎಷ್ಟು, ಔಷಧಿ ಬಿತ್ತು ಅನ್ನುವ ಧೈರ್ಯದಿಂದ ಎಷ್ಟು, ನಾನು ಹೇಳಲಾರೆ. ಆರು ಮುಗಿದ ಮೇಲೆ ಡಾಕ್ಟರಿಗೆ ತೋರಿಸದೆ ಏಳನೇ ಶನಿವಾರವೂ ಬಂದರು. ಅದೇ ಚೀಟಿ, ಮಡಿಕೆಯಲ್ಲಿ ಹರಿದು ಹಿಂದೆ ಕಾಗದ ಅಂಟಿಸಿಕೊಂಡಿದ್ದರು. ಆಗಿನ ಕಾಲಕ್ಕೆ ಚೀಟಿಗೆ ಸಾವಿರಲಿಲ್ಲ. ಡಾಕ್ಟರು ಒಂದು ಸಲ ಬರೆದರೆ ಆಯಿತು, ಅದನ್ನು ಜೇಬಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಅದೇ ಔಷಧಿ ಕೊಳ್ಳುವವರು ಮನೆಗೊಬ್ಬರು. ಔಷಧಿ ಅಂಗಡಿಯವನು ಕೊಡುತ್ತಿದ್ದ, ಕಾಂಪೌಂಡರು ಚುಚ್ಚುತ್ತಿದ್ದ, ಆರು ಅಂತ ಬರೆದದ್ದನ್ನು ಯಾರೂ ಎಣಿಸುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಗೆ ಅವರು ಬಿ ಕಾಂಪ್ಲೆಕ್ಸ್ ಸೂಜಿ ಅಂತ ಹೇಳಿದ್ದರು. ನನ್ನ ಹತ್ತಿರ ಮಾತ್ರ ಒಂದೇ ಕೋರಿಕೆ, ಯಾರ ಕಿವಿಗೂ ಬೀಳಬಾರದು.

ಹೋಟೆಲಿನಲ್ಲಿ ನನ್ನನ್ನು ಕಂಡರೆ ಈಗ ಜಾಗ ಬಿಟ್ಟುಕೊಡುವರು. ಒಂದು ಸಲ ಬೆಣ್ಣೆ ತಂದುಕೊಟ್ಟರು. ಬೋರಲು ಮಲಗಿಕೊಂಡೇ ಎಷ್ಟೋ ಮಾತಾಡುವರು. ಇಕ್ಕಳ ಒತ್ತಿದ ಮೇಲೆ ಹೋರಿಯ ಮುಖ ನೋಡುವುದಿಲ್ಲವಂತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಲ ನೋಡಿದ್ದರಂತೆ, ಆಮೇಲೆ ಎರಡು ದಿನ ಅನ್ನ ಸೇರಲಿಲ್ಲವಂತೆ. ಬೆನ್ನು ತಟ್ಟಿ ನಗಿಸುವುದೆಲ್ಲ ಅದಕ್ಕೇ ಅಂದರು. ಆ ದಿನ ನನಗೆ ಅವರ ಮೇಲೆ ಸ್ವಲ್ಪ ಮನಸ್ಸು ಮೆತ್ತಗಾಯಿತು. ಸೂಜಿ ಮಾತ್ರ ಬದಲಾಯಿಸಲಿಲ್ಲ.

ನಾಲ್ಕನೇ ತಿಂಗಳಲ್ಲಿ ಒಂದು ಶನಿವಾರ, ಡಾಕ್ಟರು ಹೇಳಿದ್ದ ಪ್ರಶ್ನೆಯನ್ನು ಕೇಳಿದೆ. ಅದುವರೆಗೆ ಯಾವತ್ತೂ ಕೇಳಿರಲಿಲ್ಲ. ಆವತ್ತು ಯಾಕೆ ಕೇಳಿದೆನೋ. ಒಂದಕ್ಕೆ ಸಲೀಸಾಗಿ ಆಗುತ್ತದಾ ಅಂದೆ. ಅವರು ತಲೆ ಎತ್ತದೆ ಹೇಳಿದರು:

"ಎಲ್ ಸಲೀಸು. ರಾತ್ರೆ ನಾಕೈದು ಸಲ ಏಳ್ತೀನಿ. ಓಗಿ ನಿಂತ್ರೆ ಬರಕಿಲ್ಲ, ಬಂದ್ರೆ ಮುಗಿಯಕಿಲ್ಲ. ಯಾಕೆ, ಅದ್ಕೂ ಇದ್ಕೂ ಏನಾರ ಸಂಬಂಧ ಐತಾ?"

ಸೂಜಿ ನನ್ನ ಕೈಯಲ್ಲಿತ್ತು, ಔಷಧಿ ತುಂಬಿತ್ತು. ನನಗೆ ಎಲ್ಲ ನೆನಪಿತ್ತು. ಡಾಕ್ಟರ ಮಾತು ಒಂದಕ್ಷರ ಬಿಡದೆ ನೆನಪಿತ್ತು. ನಿಲ್ಲಿಸಿದರೆ ಮುಂದಿನ ಶನಿವಾರ ಇವರು ಬರುವುದಿಲ್ಲ, ಬೆಲ್ಟು ಸಡಿಲಿಸುವುದಿಲ್ಲ, ಬೆಂಚಿನ ಅಂಚು ಹಿಡಿಯುವುದಿಲ್ಲ ಅನ್ನುವುದೂ ಹೊಳೆಯಿತು. ಸಂಬಂಧ ಏನೂ ಇಲ್ಲ, ಚಳಿಗಾಲ ಅಲ್ವಾ, ಎಲ್ಲರಿಗೂ ಹಾಗೇ ಅಂದೆ. ಚುಚ್ಚಿದೆ. ಆಮೇಲೂ ಒಂದು ವರ್ಷ ಎರಡು ತಿಂಗಳು ಚುಚ್ಚಿದೆ.

ಸೊಂಟ ನೋವು ಶುರುವಾದಾಗ ಅವರು ಎಮ್ಮೆ ಒದ್ದದ್ದಕ್ಕೆ ಅಂದುಕೊಂಡರು. ಎಣ್ಣೆ ಹಚ್ಚಿಸಿಕೊಂಡರು, ಉಳುಕು ತೆಗೆಸಿದರು. ತೂಕ ಇಳಿಯಿತು, ಅಂಗಿಯ ಕಾಲರು ಕೊರಳಿಗೆ ದೊಡ್ಡದಾಯಿತು. ಕೊನೆಗೆ ಒಂದು ಬೆಳಿಗ್ಗೆ ಮೂತ್ರ ಪೂರ್ತಿ ಕಟ್ಟಿಕೊಂಡು, ಹೆಂಡತಿ ಜಟಕಾದಲ್ಲಿ ಕೂರಿಸಿಕೊಂಡು ಬಂದರು. ಡಾಕ್ಟರು ಮೂತ್ರ ಇಳಿಯಲು ನಳಿಗೆ ಹಾಕಿದರು, ಗುದದಲ್ಲಿ ಬೆರಳು ಹಾಕಿ ಗ್ರಂಥಿ ಮುಟ್ಟಿ ನೋಡಿದರು. ಹೊರಗೆ ಬಂದು ಕೈ ತೊಳೆಯುವಾಗ ಅವರ ಮುಖ ನೋಡಿಯೇ ನನಗೆ ತಿಳಿಯಿತು. ಮೈಸೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಹದಿನೈದು ದಿನ ಪರೀಕ್ಷೆ ಮಾಡಿ, ಗ್ರಂಥಿಯಲ್ಲಿ ಕ್ಯಾನ್ಸರ್, ಬೆನ್ನುಮೂಳೆಗೂ ಹಬ್ಬಿದೆ ಅಂತ ಹೇಳಿ ಕಳಿಸಿದರು. ಉಳಿದಿರುವುದು ಒಂದೇ ದಾರಿ. ಆ ರೋಗ ಬೆಳೆಯುವುದೇ ಗಂಡಸಿನ ಹಾರ್ಮೋನು ಕುಡಿದು. ಅದು ಹುಟ್ಟುವ ಜಾಗವನ್ನೇ ತೆಗೆದುಬಿಡಬೇಕು, ಎರಡು ಬೀಜವನ್ನೂ.

ಸಾವಿರಾರು ಹೋರಿಗಳಿಗೆ ಇಕ್ಕಳ ಹಾಕಿದ ಮನುಷ್ಯನಿಗೆ ಇದನ್ನು ಹೇಳಬೇಕಾಗಿ ಬಂದದ್ದು ನಮ್ಮ ಡಾಕ್ಟರಿಗೆ. ಹೇಳುವ ಮೊದಲು ಅವರು ಆ ಹಳೇ ಚೀಟಿ ಕೇಳಿದರು. ಆರು ಬರೆದಿದ್ದೆನಲ್ಲ, ಎಷ್ಟು ಹಾಕಿಸಿಕೊಂಡಿರಿ, ಹಾಕಿದವರು ಯಾರು ಅಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಬಾಯಿಂದ ತಾನಾಗೇ ಬಂತು, ನಾನು ಆರೇ ಸಾರ್ ಹಾಕಿದ್ದು, ಆಮೇಲೆ ಬೇರೆ ಎಲ್ಲೋ ಹಾಕಿಸಿಕೊಂಡಿರಬೇಕು ಅಂತ. ಅವರು ನನ್ನ ಕಡೆ ನೋಡಿದರು. ನೋಡಿ, ಡಾಕ್ಟರ ಕಡೆ ತಿರುಗಿದರು.

"ಊಂ ಡಾಕ್ಟ್ರೇ. ಮಳವಳ್ಳಿಲಿ ಒಬ್ರು ಆಕೋರು. ಕಾಂಪೌಂಡ್ರು ಅವತ್ತೇ ಬ್ಯಾಡ ಅಂದಿದ್ರು, ನಾನೇ ಕೇಳ್ನಿಲ್ಲ."

ನನ್ನ ಕೆಲಸ ಉಳಿಯಿತು. ಹೊರಗೆ ಬೆಂಚಿನಲ್ಲಿ ಕೂತಾಗ ಅವರು ಮೆಲ್ಲಗೆ, ನೀವು ನನ್ನ ಗುಟ್ಟು ಉಳಿಸಿಕೊಟ್ಟಿದ್ದೀರಲ್ಲ, ಅದಕ್ಕೆ ಇದು ಅಂದರು. ಇನ್ನೊಂದೂ ಉಳಿಸಿಕೊಡಿ ಅಂದರು. ಎಮರ್ಜೆನ್ಸಿಯ ಕಾಲ ಅದು. ಊರೂರಲ್ಲಿ ಕುಟುಂಬ ಯೋಜನೆ ಆಪರೇಷನ್ನಿನ ಮಾತೇ ಮಾತು, ಸರ್ಕಾರಿ ನೌಕರರೆಲ್ಲ ಮಾಡಿಸಿಕೊಳ್ಳುತ್ತಿದ್ದರು. ಮೈಸೂರಿಗೆ ಹೋಗಿ ನಾನೂ ಅದನ್ನೇ ಮಾಡಿಸಿಕೊಂಡು ಬಂದೆ ಅಂತ ಹೇಳಿಕೊಳ್ಳುತ್ತೇನೆ, ನೀವು ಹೌದು ಅನ್ನಿ, ಸಾಕು. ಈ ಒಂದು ಸುದ್ದಿ ಊರಿಗೆ ಹೋದರೆ ನಾನು ಯಾವ ಕೊಟ್ಟಿಗೆಗೂ ಕಾಲಿಡುವ ಹಾಗಿಲ್ಲ ಅಂದರು. ಆಯಿತು ಅಂದೆ.

ಆಪರೇಷನ್ ಆಯಿತು. ಆಶ್ಚರ್ಯ ಅಂದರೆ ನೋವು ಒಂದೇ ವಾರಕ್ಕೆ ಮಾಯವಾಯಿತು. ಮಂಚ ಹಿಡಿದಿದ್ದವರು ಎರಡು ತಿಂಗಳಿಗೆ ಮತ್ತೆ ಸೈಕಲ್ ಹತ್ತಿದರು. ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬಿಸಿಯಾಗಿ ಬೆವರುತ್ತಿತ್ತು, ಟವೆಲಿನಲ್ಲಿ ಒರೆಸಿಕೊಳ್ಳುವರು. ಉಳಿದ ಹಾರ್ಮೋನು ಏಳದಿರಲಿ ಅಂತ ಹೆಂಗಸರ ಹಾರ್ಮೋನಿನ ಮಾತ್ರೆ ಕೊಟ್ಟಿದ್ದರು, ಅದಕ್ಕೆ ಎದೆ ಸ್ವಲ್ಪ ಊದಿತ್ತು, ಅಂಗಿಯ ಮೇಲೆ ಕೋಟು ಹಾಕಿಕೊಂಡು ತಿರುಗುವರು. ಮಾತ್ರೆ ತಪ್ಪಿಸದಿದ್ದರೆ ಇನ್ನೂ ಕೆಲವು ವರ್ಷ ಧಾರಾಳ ಎಳೆಯಬಹುದು, ದೊಡ್ಡ ಮೊಮ್ಮಗಳ ಮದುವೆ ನೋಡಿಯೇ ಹೋಗುತ್ತಾರೆ ಅಂತ ನಮ್ಮ ಡಾಕ್ಟರು ಖುಷಿಯಾಗಿದ್ದರು. ಊರಿನವರು ಅವರ ಕಥೆಯನ್ನು ನಂಬಿದರು. ಈ ವಯಸ್ಸಿನಲ್ಲಿ ಸರ್ಕಾರಕ್ಕೆ ಹೆದರಿ ಮಾಡಿಸಿಕೊಂಡರಲ್ಲ ಅಂತ ರೇಗಿಸಿದರು, ಅಷ್ಟೇ.

ಆ ರೇಗಿಸುವುದೇ ಅವರಿಗೆ ಹಿಂದಿನ ನಾಲಿಗೆಯನ್ನು ತಂದುಕೊಟ್ಟಿತು. ಒಂದು ಭಾನುವಾರ ಹೋಟೆಲು ತುಂಬಿತ್ತು. ಯಾರೋ, ಡಾಕ್ಟ್ರೇ, ಕಾಂಪೌಂಡ್ರನ್ನೂ ಕರೆದುಕೊಂಡು ಹೋಗಬೇಕಿತ್ತು ಅಂದರು. ಅವರು ಗಟ್ಟಿಯಾಗಿ ಅಂದರು:

"ಕರ್ದೆ ಕಣಯ್ಯ. ಇವ್ರದ್ದು ಕಟ್ಟಕೆ ಅಲ್ಲೇನೈತೆ ಅಂತ ಮೈಸೂರ್ನೋರು ಬ್ಯಾಡ ಅಂದ್ಬುಟ್ರು."

ಎರಡನೇ ಸಲ ಹೋಟೆಲಿಗೆ ಹೋಟೆಲೇ ನಕ್ಕಿತು. ಅವರೂ ನಕ್ಕರು, ನನ್ನ ಕಡೆ ನೋಡಿ, ಸಲಿಗೆಯಲ್ಲಿ, ಬೇಜಾರು ಮಾಡ್ಕೋಬೇಡಿ ಅನ್ನುವ ಹಾಗೆ. ನನಗೆ ಆ ಸಲಿಗೆಯೇ ಬೆಂಕಿ ಹಚ್ಚಿತು. ನನ್ನ ಅನ್ನವನ್ನು ಉಳಿಸಿದವರು ಇವರು ಅನ್ನುವುದು ಆ ಗಳಿಗೆಗೆ ನೆನಪಿಗೆ ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಬಂತು. ಬಂದೂ ಹೇಳಿದೆ.

"ಇವರು ಮಾಡಿಸಿಕೊಂಡದ್ದು ಕುಟುಂಬ ಯೋಜನೆ ಅಲ್ಲ. ಹೋರಿಗೆ ಇವರು ಮಾಡ್ತಾರಲ್ಲ, ಅದು."

ಸ್ವಲ್ಪ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬ ಅವರ ಕೋಟನ್ನು ನೋಡಿದ, ಇನ್ನೊಬ್ಬ ಅವರ ಬೆವರಿದ ಹಣೆಯನ್ನು ನೋಡಿದ. ಅವರು ನನಗೆ ಒಂದು ಬೈಗುಳ ಬೈದಿದ್ದರೂ ಸಾಕಿತ್ತು, ಯಾರೂ ನಂಬುತ್ತಿರಲಿಲ್ಲ. ಬೈಯಲಿಲ್ಲ. ಲೋಟ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟರು. ಆ ಸುಮ್ಮನಿದ್ದದ್ದೇ ಸಾಕ್ಷಿಯಾಯಿತು. ಮೂಲೆಯಿಂದ ಪೋಸ್ಟ್ ಮಾಸ್ಟರು ಮೊದಲು ನಕ್ಕರು.

ಮುಂದಿನದನ್ನು ಊರು ನೋಡಿಕೊಂಡಿತು. ಶಾಲೆಯ ಮುಂದೆ ಹಾದರೆ ಹುಡುಗರು ಹಾ ಹಾ ಅಂತ ಎತ್ತು ಹೊಡೆಯುವ ಸದ್ದು ಮಾಡುವರು. ಒಂದು ಹಳ್ಳಿಯಲ್ಲಿ ಹೋರಿ ಕೆಡವಿ ಇಕ್ಕಳ ತೆಗೆದಾಗ ಅದರ ಯಜಮಾನ, ನೋಡ್ಕಂಡು ಮಾಡಿ ಡಾಕ್ಟ್ರೇ, ನಿಮ್ಮೋನೇಯಾ ಅಂದನಂತೆ. ಅವರು ಕಾಲಿನ ಹಗ್ಗ ಬಿಚ್ಚಿ, ಹೋರಿಯನ್ನು ಎಬ್ಬಿಸಿ, ಕೆಲಸ ಮಾಡದೆ ವಾಪಸ್ಸು ಬಂದರು. ಬಸರಾಳಿಗೆ ವರ್ಗ ಕೇಳಿ ಹೋದರು. ಅವರಿಗಿಂತ ಮುಂಚೆ ಸುದ್ದಿ ಬಸ್ಸು ಹತ್ತಿ ಅಲ್ಲಿಗೆ ಹೋಗಿತ್ತು. ಮೂರೇ ವಾರದಲ್ಲಿ ರಜೆ ಹಾಕಿ ಮದ್ದೂರಿನ ಮನೆ ಸೇರಿದರು. ಎದೆ ಊದುವುದು ನಿಲ್ಲಲಿ ಅಂತ ಮಾತ್ರೆಯನ್ನು ಬಿಟ್ಟರು. ಡಾಕ್ಟರು ಮನೆಗೇ ಹೋಗಿ ಕೈ ಮುಗಿದು ಕೇಳಿಕೊಂಡರೂ ನುಂಗಲಿಲ್ಲ. ಎಂಟು ತಿಂಗಳಿಗೆ ನೋವು ತಿರುಗಿ ಬಂತು, ಈ ಸಲ ಎಲ್ಲ ಮೂಳೆಗೂ.

ದಿನಕ್ಕೊಂದು ನೋವಿನ ಇಂಜೆಕ್ಷನ್ ಹಾಕಿ ಬರುವ ಕೆಲಸ ಡಾಕ್ಟರು ನನಗೇ ಹೇಳಿದರು. ಹೋಟೆಲಿನ ವಿಷಯ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕಳಿಸಿದರು ಅಂತ ನನ್ನ ಅನುಮಾನ. ಮೊದಲ ದಿನ ಬಾಗಿಲು ತೆರೆದ ಅವರ ಹೆಂಡತಿ ಪೊರಕೆ ಎತ್ತಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಬನ್ನಿ ಅಂದರು. ಮಂಚದ ಮೇಲೆ ಇದ್ದದ್ದು ಮೂಳೆ, ಮೀಸೆ. ನನ್ನನ್ನು ಕಂಡು ಅವರು ಹೆಂಡತಿಗೆ ಬಾಗಿಲು ಹಾಕಲು ಹೇಳಿ, ಕಷ್ಟಪಟ್ಟು ಬೋರಲು ತಿರುಗಿದರು. ಹೊಸ ಸೂಜಿ ತಂದಿದ್ದೆ. 

ಔಷಧಿ ಹತ್ತಿದ ಮೇಲೆ ಉಸಿರು ಸ್ವಲ್ಪ ಸರಾಗವಾಯಿತು. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ಓಟ್ಲಲ್ಲಿ ಯಾಕ್ ಯೋಳ್ಬುಟ್ರಿ ಕಾಂಪೌಂಡ್ರೇ?"

ನೀವು ಆ ಮಾತು ಅಂದಿರಲ್ಲ, ಅದಕ್ಕೆ ಅಂದೆ. ಯಾವ ಮಾತು ಅಂದರು. ಅವತ್ತಿನದು ಅಲ್ಲ, ಅದಕ್ಕೂ ಮುಂಚೆ, ಫ್ಲಾಸ್ಕಿನದು ಅಂದೆ. ಅವರು ತುಂಬ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಹಣೆ ಗಂಟು ಹಾಕಿಕೊಂಡು. ಅವರಿಗೆ ನೆನಪಿರಲಿಲ್ಲ. ಹೋಟೆಲಿನಲ್ಲಿ ದಿನಾ ಒಬ್ಬರಿಗೆ ಏನೋ ಒಂದು ಅನ್ನುತ್ತಿದ್ದ ಮನುಷ್ಯನಿಗೆ, ಆ ಬೆಳಿಗ್ಗೆ ನನಗೆ ಅಂದದ್ದು ಕಾಫಿ ಲೋಟ ಇಡುವಷ್ಟರಲ್ಲಿ ಮರೆತುಹೋಗಿತ್ತು. ನಾನು ಅದನ್ನು ಅಷ್ಟು ವರ್ಷ ಸಾಕಿದ್ದೆ. ಹೇಳಿಕೊಟ್ಟೆ, ಒಂದೊಂದೇ ಮಾತು ಬಿಡಿಸಿ, ಅವರು ಅಂದ ಹಾಗೆಯೇ.

"ಅಂಗಂದಿದ್ನಾ?" ಅಂದರು. ಆಮೇಲೆ, "ಅಷ್ಟುಕ್ಕೇಯಾ?" ಅಂದರು.

ಹೂಂ ಅಂದೆ.

"ಓಗ್ಲಿ ಬುಡಿ. ತಪ್ಪು ನಂದೇಯ."

ಅವರು ಬಿಟ್ಟದ್ದು ಹೋಟೆಲಿನ ಮಾತನ್ನು. ನಾಲ್ಕನೇ ತಿಂಗಳ ಆ ಶನಿವಾರ ಅವರಿಗೆ ಗೊತ್ತೇ ಇರಲಿಲ್ಲ. ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು, ಕುಡಿದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮಾರನೆಯ ದಿನ ಹೋದೆ. ಅದರ ಮಾರನೆಯ ದಿನವೂ ಹೋದೆ. ಇಪ್ಪತ್ತಮೂರು ದಿನ ಹೋದೆ, ದಿನಾ ಅವರೇ ನಾಳೆ ಬರ್ತೀರಲ್ಲ ಅನ್ನುವರು, ಬರುತ್ತೇನೆ ಅನ್ನುತ್ತಿದ್ದೆ. ಇಪ್ಪತ್ತನಾಲ್ಕನೇ ದಿನ ಹೋಗುವ ಹೊತ್ತಿಗೆ ಹೆಣವನ್ನು ಹೊರಗೆ ತಂದಿದ್ದರು.

ಹನ್ನೊಂದನೆಯ ದಿನದ ಊಟಕ್ಕೆ ಮನೆಗೆ ಬಂದು ಹೇಳಿ ಹೋದರು. ನನ್ನನ್ನು ಮೊದಲನೇ ಪಂಕ್ತಿಯಲ್ಲೇ ಕೂರಿಸಿದರು. ಕೊನೆಗಾಲದಲ್ಲಿ ನೋಡಿಕೊಂಡವರು ಇವರೊಬ್ಬರೇ ಅಂತ ಅವರ ಹೆಂಡತಿ ಬಾಗಿಲ ಹಿಂದೆ ನಿಂತು ಬಂದವರಿಗೆಲ್ಲ ಹೇಳುತ್ತಿದ್ದರು. ಬಡಿಸುತ್ತಿದ್ದ ತಮ್ಮನನ್ನು ಕೂಗಿ, ಕಾಂಪೌಂಡ್ರಿಗೆ ಇನ್ನೊಂದು ಸೌಟು ಪಾಯಸ ಹಾಕಪ್ಪ, ಅವ್ರು ಕೇಳೋರಲ್ಲ ಅಂದರು. ಹಾಕಿದ. ಎಲೆ ಖಾಲಿ ಮಾಡಿ ಎದ್ದೆ.